ಮರಗಳೂ ಅಂಗಡಿ ತೆರೆದಿವೆ

ಸೀರೆ, ಬಳೆ, ಸ್ಟೀಲ್ ಪಾತ್ರೆಗಳಿಗೆ ಹೆಸರಾದ ಹೈದರಾಬಾದಿನ ಸುಲ್ತಾನ್ ಬಜಾರಿಗೆ ಚೈತ್ರ ನೋಡಲು ಯಾರೂ ಹೋಗುವುದಿಲ್ಲ. ಆದರೆ ಹೋಳಿ ಮುಗಿದು ಯುಗಾದಿ ಹತ್ತಿರವಾಗುತ್ತಿದ್ದಂತೆ ಈ ಪೇಟೆಯಲ್ಲಿ ಇನ್ನೊಂದು ಪೇಟೆ ಕುದುರುತ್ತದೆ. ಬೇವು, ಹುಣಸೆ, ಹೊಂಗೆ, ಮಲ್ಲಿಗೆ ಅದರ ವ್ಯಾಪಾರಿಗಳು. ಕಣ್ಣಿಗಿಂತ ಮೊದಲು ಮೂಗಿಗೆ ಸಿಗುವ ಬೇಸಿಗೆಯ ಬೆನ್ನು ಹತ್ತಿ ಒಂದು ದಿನದ ಸುತ್ತಾಟ.

ಬೆಳಗಿನ ಆರೂವರೆ. ಕೋಠಿಯ ಅಂಗಡಿಗಳ ಷಟರ್‌ಗಳು ಇನ್ನೂ ಮೇಲೇರಿಲ್ಲ. ಪುತ್ಲಿಬೌಲಿ ಕಡೆಯಿಂದ ಬಂದ ಆಟೋ ಜಾಂಬಾಗಿನ ತಿರುವಿನಲ್ಲಿ ನಿಲ್ಲುತ್ತದೆ. ಒದ್ದೆ ಗೋಣಿಚೀಲಗಳು ಒಂದೊಂದಾಗಿ ಇಳಿಯುತ್ತವೆ. ಚೀಲದ ಬಾಯಿ ಬಿಚ್ಚಿದ್ದೇ ತಡ, ನಿನ್ನೆಯ ಡೀಸೆಲ್ ಹೊಗೆ, ಚರಂಡಿಯ ವಾಸನೆ, ಚಹಾದ ಹಬೆ ಎಲ್ಲವನ್ನೂ ಪಕ್ಕಕ್ಕೆ ಸರಿಸಿ ಮಲ್ಲಿಗೆ ಮುಂದೆ ಬಂದು ನಿಲ್ಲುತ್ತದೆ.

ಮಗ್ಗುಲಲ್ಲಿ ಚೆಂಡುಹೂವಿನ ರಾಶಿ. ಅದರಾಚೆ ತೋರಣಕ್ಕೆಂದು ಕಂತೆ ಕಟ್ಟಿದ ಮಾವಿನೆಲೆ. ಇನ್ನೊಂದು ಮೂಲೆಯಲ್ಲಿ ವರ್ಷಕ್ಕೆ ಕೆಲವೇ ದಿನ ಕಾಣಸಿಗುವ ಸರಕು: ಹೂವೇರಿದ ಬೇವಿನ ಟೊಂಗೆ.

ಕಾಚಿಗುಡದ ನೆಂಟರ ಮನೆಗೆ ಬಂದಿರುವ ಬೀದರ್ ಕಡೆಯ ಹೆಂಗಸೊಬ್ಬರು ಗೊಂಚಲನ್ನು ಮೂಗಿಗೆ ಹಿಡಿದು ನೋಡುತ್ತಾರೆ. “ಬರೇ ಮಗ್ಗಿ ಅದಾವಲ್ಲ ತಂಗಿ, ಹೂ ಇನ್ನಾ ಬಿಚ್ಚೇ ಇಲ್ಲ” ಎಂಬ ತಕರಾರು. ಹೂವಿನಾಕೆ ತೆಲುಗಿನಲ್ಲಿ ನಗುತ್ತಾಳೆ: “ರೇಪಟಿಕಿ ವಿಚ್ಚುಕುಂಟಾಯಮ್ಮಾ.” ನಾಳೆಗೆ ಅರಳುತ್ತವಂತೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಪೂರ್ತಿ ಬಾರದು. ಹೂವಿನ ಲೆಕ್ಕ ಮಾತ್ರ ಇಬ್ಬರಿಗೂ ಬಾಯಿಪಾಠ.

ಜಾಂಬಾಗಿನ ಸಗಟು ಹೂವಿನ ವ್ಯಾಪಾರ ಗುಡಿಮಲ್ಕಾಪುರಕ್ಕೆ ಎದ್ದುಹೋಗಿ ವರ್ಷಗಳಾದವು. ಆದರೂ ಇಲ್ಲಿ ಮಾಲೆ ಕಟ್ಟುವ ಕೈಗಳು ನಿಂತಿಲ್ಲ. ಇಲ್ಲಿಂದ ನಾಲ್ಕು ಹೆಜ್ಜೆ ಹಾಕಿದರೆ ಸುಲ್ತಾನ್ ಬಜಾರ್.

ಹೊತ್ತು ನೋಡಿ ವ್ಯಾಪಾರ

ಹೈದರಾಬಾದ್ ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದ ದಖನ್ ಪ್ರಸ್ಥಭೂಮಿಯ ಮೇಲಿದೆ. ಮಾರ್ಚಿನಲ್ಲಿ ಹಗಲಿನ ಬಿಸಿಲು 35 ಡಿಗ್ರಿಯ ಆಸುಪಾಸು. ಏಪ್ರಿಲ್‌ನಲ್ಲಿ 38ರ ಹತ್ತಿರ. ಮೇ ಬಂತೆಂದರೆ 40ರ ಹೊಸ್ತಿಲು. ಹೋಳಿಯಿಂದ ಏಪ್ರಿಲ್ ನಡುವಿನವರೆಗಿನ ಕೆಲವು ವಾರಗಳಲ್ಲಿ ಹಗಲು ಸುಟ್ಟರೂ ಬೆಳಗು, ರಾತ್ರಿಗಳು ತಂಪು. ಮೂಗಿಗೆ ಕೆಲಸ ಸಿಗುವುದು ಆಗಲೇ.

ಮಳೆ ಬಿದ್ದು ಐದು ತಿಂಗಳು ಕಳೆದಿವೆ. ನೆಲ ಒಣಗಿದೆ. ಹುಲ್ಲು ಹೊಂಬಣ್ಣಕ್ಕೆ ತಿರುಗಿದೆ. ಇಂಥ ಹೊತ್ತಲ್ಲಿ ಮರಗಳು ಚಿಗುರುವುದು, ಹೂಬಿಡುವುದು ಮೇಲ್ನೋಟಕ್ಕೆ ದುಂದುಗಾರಿಕೆ. ಲೆಕ್ಕ ಬಲ್ಲವರಿಗೆ ಗೊತ್ತು, ಇದು ಶುದ್ಧ ವ್ಯವಹಾರ.

ಬಣ್ಣ ಮರದ ಬೋರ್ಡು. ಗಂಧ ಅದರ ಕೂಗು. ಮಕರಂದ ಅದು ಕೊಡುವ ಕೂಲಿ. ಪರಾಗವನ್ನು ಹೂವಿನಿಂದ ಹೂವಿಗೆ ಸಾಗಿಸುವುದು ಅದು ಮಾಡಿಸಿಕೊಳ್ಳುವ ಕೆಲಸ. ಎಲೆ ಉದುರಿಸಿ ನಿಂತಾಗ ಬೋರ್ಡು ದೂರಕ್ಕೂ ಕಾಣುತ್ತದೆ. ಮುತ್ತುಗ, ಬೂರುಗ ಮಾಡುವುದು ಇದನ್ನೇ. ಅವುಗಳ ಕೆಂಪು ಹೂವಿಗೆ ಗಂಧ ಬೇಕಿಲ್ಲ. ಅವುಗಳ ಗಿರಾಕಿಗಳು ಗೊರವಂಕ, ಸೂರಕ್ಕಿಯಂಥ ಹಕ್ಕಿಗಳು. ಅವು ಮೂಗಿಗಿಂತ ಕಣ್ಣನ್ನು ನಂಬುತ್ತವೆ.

ಬೇವು, ಮಲ್ಲಿಗೆಯ ಲೆಕ್ಕವೇ ಬೇರೆ. ಹೂವು ಬಿಳಿ, ಚಿಕ್ಕದು. ಕತ್ತಲಲ್ಲಿ ಹುಡುಕಿ ಬರುವ ಕೀಟಗಳಿಗೆ ದಾರಿ ತೋರುವುದು ಪರಿಮಳ. ಅದಕ್ಕೇ ಅವು ಸಂಜೆಗೆ ಬಾಗಿಲು ತೆರೆಯುತ್ತವೆ.

ಇನ್ನು ಮುಹೂರ್ತ. ಮಾರ್ಚ್-ಏಪ್ರಿಲ್‌ನಲ್ಲಿ ಹೂಬಿಟ್ಟ ಬೇವಿನ ಹಣ್ಣು ಕಳಿಯುವುದು ಜೂನ್-ಜುಲೈಯಲ್ಲಿ, ಮುಂಗಾರಿನ ಜೊತೆಗೆ. ಬೇವಿನ ಬೀಜ ಬಹಳ ದಿನ ಕಾಯುವ ಪೈಕಿಯಲ್ಲ. ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಸಿ ನೆಲಕ್ಕೆ ನೇರ ಬಿದ್ದರೆ ಬದುಕು, ಇಲ್ಲವೆಂದರೆ ಇಲ್ಲ. ನಾವು ಬೇಸಿಗೆಯ ಸೊಬಗು ಎನ್ನುವುದು ಮರದ ಕಡತದಲ್ಲಿ ಮಳೆಗಾಲದ ತಯಾರಿ.

ಬಡೀ ಚೌಡಿಯ ಚಿಗುರು

ಎಂಟು ಗಂಟೆಗೆ ಬಡೀ ಚೌಡಿಯ ತರಕಾರಿ ಗಲ್ಲಿ ತುಂಬಿದೆ. ಮಾರ್ಚ್ ತಿಂಗಳ ಗುರುತು ಹಿಡಿಯಲು ಇಲ್ಲಿ ಕ್ಯಾಲೆಂಡರ್ ಬೇಡ. ಎಳೆಯ ಮಾವಿನಕಾಯಿ ಬಂದಿದೆ. ತೊಟ್ಟು ಮುರಿದ ಕಡೆ ಸೊನೆ ಜಿನುಗಿ, ಕೈಗೆ ಅಂಟಿ, ಸುತ್ತಲಿನ ಗಾಳಿಯನ್ನೇ ಹುಳಿ ಮಾಡಿದೆ. ಪಕ್ಕದಲ್ಲಿ ಹೊಸ ಹುಣಸೆಹಣ್ಣು. ಹಳೆಯದರಂತೆ ಕಪ್ಪಗಿಲ್ಲ, ಇನ್ನೂ ಕೆಂಚುಬಣ್ಣ. ಅದರ ಪಕ್ಕ ಬೆಲ್ಲ.

ತೆಲುಗರ ಯುಗಾದಿ ಪಚ್ಚಡಿಗೆ ಬೇಕಾದದ್ದೆಲ್ಲ ಒಂದೇ ಸಾಲಿನಲ್ಲಿದೆ: ಬೇವಿನ ಹೂ, ಹೊಸ ಹುಣಸೆ, ಮಾವಿನಕಾಯಿ, ಬೆಲ್ಲ, ಉಪ್ಪು, ಖಾರ. ಆರು ರುಚಿಯ ಈ ತಿನಿಸು ಋತುವಿನ ಪಟ್ಟಿಯೂ ಹೌದು. ಆ ವಾರ ಮರದಲ್ಲಿ ಏನಿದೆಯೋ ಅದೇ ಬಟ್ಟಲಿಗೆ ಬರುತ್ತದೆ. ಹಳೆ ಮೈಸೂರು ಕಡೆ ಇದು ಬೇವು-ಬೆಲ್ಲದ ಚಿಟಿಕೆ. ಬೀದರ್, ಕಲಬುರಗಿ, ವಿಜಯಪುರದ ಕಡೆ ಪುಟಾಣಿ, ಬೆಲ್ಲ, ಹುಳಿ, ಬೇವಿನ ಹೂ ಸೇರಿಸಿ ಲೋಟದಲ್ಲಿ ಕುಡಿಯುವಷ್ಟು ತೆಳ್ಳಗೆ ಕದಡುತ್ತಾರೆ. ಅದರ ಹೆಸರೇ ‘ಬೇವು’. ಕಹಿಯನ್ನು ಗುಟುಕರಿಸುವ ಧೈರ್ಯ ಬಯಲುಸೀಮೆಯದು.

ಈ ಗಲ್ಲಿಯಲ್ಲಿ ಕಣ್ಣಿಡಬೇಕಾದ ಇನ್ನೊಂದು ಸರಕಿದೆ. ಪುಟ್ಟ ಪುಟ್ಟ ಗುಡ್ಡೆಗಳಲ್ಲಿ, ತಿಳಿಗೆಂಪು ಬೆರೆತ ಹಸಿರಿನ ಹುಣಸೆ ಚಿಗುರು. ತೆಲುಗಿನಲ್ಲಿ ಚಿಂತಚಿಗುರು. ಎಲೆ ಬಲಿಯುವ ಮುನ್ನ, ಬೆರಳಲ್ಲಿ ಹಿಚುಕಿದರೆ ರಸ ಬರುವ ಹಂತದಲ್ಲೇ ಕೀಳಬೇಕು. ತೊಗರಿಬೇಳೆಗೆ ಹಾಕಿದರೆ ಪಪ್ಪು. ಹೈದರಾಬಾದಿ ಮುಸಲ್ಮಾನರ ಅಡುಗೆಮನೆಯಲ್ಲಿ ಮಾಂಸದ ಜೊತೆ ಬೆಂದು ‘ಚಿಗುರ್ ಗೋಷ್ತ್’. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಚಟ್ನಿ, ಸಾರು. ಮರ ಹತ್ತಿ, ತುದಿಕೊಂಬೆ ಬಗ್ಗಿಸಿ, ಚಿಗುರೊಂದನ್ನೇ ಆಯ್ದು ಕಿತ್ತವರ ಶ್ರಮ ತಕ್ಕಡಿಯ ಬೆಲೆಯಲ್ಲಿ ಕಾಣುತ್ತದೆ. ಉಳಿದ ಸೊಪ್ಪಿನ ಪಕ್ಕ ಅದು ಯಾವಾಗಲೂ ದುಬಾರಿ.

ಯಾವಾಗ, ಏನು?
*ಫೆಬ್ರವರಿ ಕೊನೆ – ಮಾರ್ಚ್:* ಮುತ್ತುಗ, ಬೂರುಗದ ಕೆಂಪು. ನಗರದ ರಸ್ತೆಗಳಲ್ಲಿ ಟಬೆಬುಯಾದ ಗುಲಾಬಿ.
*ಮಾರ್ಚ್ – ಏಪ್ರಿಲ್:* ಬೇವಿನ ಹೂ, ಅರಳಿಯ ತಾಮ್ರವರ್ಣದ ಚಿಗುರು, ಹೊಂಗೆ, ಬಾಗೆ ಮರದ ಪರಿಮಳ, ಜಕರಂದದ ನೀಲಿ, ಹುಣಸೆ ಚಿಗುರು.
*ಏಪ್ರಿಲ್ – ಮೇ:* ಕಕ್ಕೆಯ ಚಿನ್ನದ ಗೊಂಚಲು, ಪೆಲ್ಟೋಫೋರಮ್‌ನ ಹಳದಿ, ಗುಲ್‌ಮೊಹರ್. ತಳ್ಳುಗಾಡಿಯಲ್ಲಿ ತಾಟಿನುಂಗು, ಬಂಗನಪಲ್ಲಿ ಮಾವು.
*ಇಡೀ ಬೇಸಿಗೆ:* ಮಲ್ಲಿಗೆ.

ಗೋಡೆ ಕಾದ ಹಸಿರು

ಹನ್ನೊಂದಾಯಿತೆಂದರೆ ಸುಲ್ತಾನ್ ಬಜಾರಿನಲ್ಲಿ ಭುಜಕ್ಕೆ ಭುಜ ತಾಗದೆ ನಡೆಯಲಾಗದು. ನೆರಳು ಬೇಕೆಂದರೆ ರಸ್ತೆ ದಾಟಿ ಮಹಿಳಾ ಕಾಲೇಜಿನ ಗೋಡೆಯತ್ತ ಸರಿಯಬೇಕು. ಈ ಪೇಟೆ ಹುಟ್ಟಿದ್ದೂ ಆ ಗೋಡೆಯಿಂದಲೇ.

ಸುಲ್ತಾನ್ ಬಜಾರಿನ ಹಳೆಯ ಹೆಸರು ರೆಸಿಡೆನ್ಸಿ ಬಜಾರ್. ನಿಜಾಮರ ಆಸ್ಥಾನದಲ್ಲಿದ್ದ ಬ್ರಿಟಿಷ್ ರೆಸಿಡೆಂಟನ ಬಂಗಲೆಯ ಆಸರೆಯಲ್ಲಿ ಬೆಳೆದ ಪೇಟೆ ಇದು. ಸುತ್ತಲಿನ ನಗರ ನಿಜಾಮರದು. ಪೇಟೆಯೊಳಗೆ ನಡೆಯುತ್ತಿದ್ದುದು ಬ್ರಿಟಿಷರ ಅಧಿಕಾರ. 1933ರಲ್ಲಿ ಅದು ನಿಜಾಮರಿಗೆ ಮರಳಿತು. ಆ ಎರಡಾಳ್ವಿಕೆಯ ಸಂದಿಯಲ್ಲೇ ಸಾಹುಕಾರರು, ಶಾಲೆಗಳು, ಸಂಘಗಳು ಬೇರೂರಿದವು. ಕೃಷ್ಣದೇವರಾಯನ ಹೆಸರು ಹೊತ್ತ ಆಂಧ್ರಭಾಷಾ ನಿಲಯವೆಂಬ ಗ್ರಂಥಾಲಯ 1901ರಿಂದ ಇಲ್ಲಿಯದೇ.

ಬಂಗಲೆ ಕಟ್ಟಿಸಿದವನು ರೆಸಿಡೆಂಟ್ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್. ನಕ್ಷೆ ಮದ್ರಾಸ್ ಎಂಜಿನಿಯರ್ಸ್‌ನ ಸ್ಯಾಮ್ಯುಯೆಲ್ ರಸೆಲ್‌ನದು. 19ನೇ ಶತಮಾನದ ಮೊದಲ ದಶಕದಲ್ಲಿ ಮೂಸಿ ನದಿಯ ಉತ್ತರ ದಂಡೆಯ ಬಳಿ ದೊಡ್ಡ ಕಂಬಗಳ ಈ ಸೌಧ ಎದ್ದಿತು. ಹೈದರಾಬಾದಿನ ಕುಲೀನ ಮನೆತನದ ಖೈರುನ್ನಿಸಾಳನ್ನು ಮದುವೆಯಾದ ಕರ್ಕ್‌ಪ್ಯಾಟ್ರಿಕ್, ಅವಳಿಗಾಗಿ ಅದೇ ಆವರಣದಲ್ಲಿ ರಂಗಮಹಲ್ ಎಂಬ ಜನಾನಾ ಕಟ್ಟಿಸಿದ. ಅದಕ್ಕೆ ತನ್ನದೇ ಉದ್ಯಾನವಿತ್ತು. ರಂಗಮಹಲ್ ಉಳಿದಿಲ್ಲ. ಸೌಧ ಉಳಿದಿದೆ. 1949ರಿಂದ ಅದು ಹೆಣ್ಣುಮಕ್ಕಳ ಕಾಲೇಜು, ಈಗ ಮಹಿಳಾ ವಿಶ್ವವಿದ್ಯಾಲಯ.

ಸರಕಾರಿ ಬಂಗಲೆಯ ಕಾಂಪೌಂಡು ಕಾಲೇಜಿನ ಕಾಂಪೌಂಡಾದದ್ದರಿಂದ ಮರಗಳು ಬದುಕಿಕೊಂಡವು. ಹೈದರಾಬಾದಿನ ನಡುಮಧ್ಯದ ದೊಡ್ಡ ಮರಗಳ ಜಾತಕವೆಲ್ಲ ಹೆಚ್ಚುಕಡಿಮೆ ಹೀಗೇ ಇದೆ. ಆಸ್ಪತ್ರೆ, ಕಾಲೇಜು, ದರ್ಗಾ, ಗುಡಿ – ಯಾವುದೋ ಒಂದು ಗೋಡೆ ಅವುಗಳನ್ನು ಕಾದಿದೆ. ಸುತ್ತಲ ಬಡಾವಣೆಗಳಾದ ಜಾಂಬಾಗ್, ಬಶೀರ್‌ಬಾಗ್, ಬಾಗ್‌ಲಿಂಗಂಪಲ್ಲಿಗಳಲ್ಲಿ ತೋಟ ಹೋಗಿ ಹೆಸರಷ್ಟೇ ಉಳಿದಿದೆ.

ಕನ್ನಡಿಗರಿಗೂ ಇದು ಪರಸ್ಥಳವಲ್ಲ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರಿನವರ ರಾಜಧಾನಿ ಹೈದರಾಬಾದೇ. ಓದಿಗೆ, ಕೋರ್ಟಿಗೆ, ನೌಕರಿಗೆ ಅವರು ಬರುತ್ತಿದ್ದುದು ಇಲ್ಲಿಗೆ. ಕೂಗಳತೆಯ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇಂದಿಗೂ ಆ ನಂಟು ಹಿಡಿದಿಟ್ಟಿವೆ.

ನಡುಹಗಲ ಕೂಗು

ಮಧ್ಯಾಹ್ನದ ಬಿಸಿಲಲ್ಲಿ ಅರಳಿಮರ ಎದುರಾದರೆ ನಿಲ್ಲಿ. ಹೊಸ ಎಲೆ ಹಸಿರಲ್ಲ, ತಾಮ್ರ. ಸೂರ್ಯನಿಗೆ ಎದುರಾಗಿ ನೋಡಿದರೆ ಎಲೆಯೊಳಗಿನ ನರವೆಲ್ಲ ಲೆಕ್ಕಕ್ಕೆ ಸಿಗುತ್ತದೆ. ಆಂಥೋಸಯನಿನ್ ಎಂಬ ಕೆಂಪು ವರ್ಣದ್ರವ್ಯ ಎಳೆಯ ಅಂಗಾಂಶವನ್ನು ಬಿರುಬಿಸಿಲಿನಿಂದ ಕಾಯುತ್ತದೆ. ಹಸಿರು ತಯಾರಿಸುವ ಯಂತ್ರ ಒಳಗೆ ಸಿದ್ಧವಾದ ಮೇಲೆ ಕೆಂಪು ಕಳಚುತ್ತದೆ.

ಮಳೆಯಿಲ್ಲದೆ ಚಿಗುರಲು ನೀರೆಲ್ಲಿಂದ? ಬೇರಿನಿಂದ. ದೊಡ್ಡ ಮರಗಳ ಬೇರು ಮೇಲ್ಮಣ್ಣಿನ ಬರವನ್ನು ದಾಟಿ ಕೆಳಗಿನ ತೇವ ಮುಟ್ಟುತ್ತದೆ. ಚಳಿಗಾಲದ ಕೊನೆಯಲ್ಲಿ ಎಲೆ ಉದುರಿಸಿ ಉಳಿಸಿಕೊಂಡ ನೀರು ಈಗ ಚಿಗುರಿಗೆ ಖರ್ಚಾಗುತ್ತದೆ. ಮಳೆ ಶುರುವಾಗುವಷ್ಟರಲ್ಲಿ ಎಲೆ ಬಲಿತು ದುಡಿಮೆಗೆ ಅಣಿ.

ತಲೆಯ ಮೇಲಿನಿಂದ ‘ಟುಕ್, ಟುಕ್, ಟುಕ್’ ಎಂದು ಒಂದೇ ಸಮ ಕೇಳಿದರೆ ಬೇಗಂ ಬಜಾರಿನ ಪಾತ್ರೆ ಕುಟ್ಟುವ ಸದ್ದೆಂದು ತಿಳಿಯಬೇಡಿ. ಅದು ಕಂಚುಗಾರ ಹಕ್ಕಿ. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಮೈ ಹಸಿರು, ಹಣೆ ಮತ್ತು ಎದೆಯಲ್ಲಿ ಕುಂಕುಮ. ಬಿಸಿಲು ಏರಿದಷ್ಟೂ ಅದಕ್ಕೆ ಹುಮ್ಮಸ್ಸು. ಅರಳಿ, ಆಲ, ಅತ್ತಿಯ ಹಣ್ಣಿರುವ ಕಡೆ ಪೇಟೆಯ ಗದ್ದಲವೂ ಅದಕ್ಕೆ ಲೆಕ್ಕಕ್ಕಿಲ್ಲ.

ಕೋಗಿಲೆಯೂ ಕೂಗುತ್ತಿದೆ. ಸ್ವರ ಏರಿಸುತ್ತ ಹೋಗುವುದು ಗಂಡು. ಕಾಗೆ ಗೂಡು ಕಟ್ಟುವ ಕಾಲಕ್ಕೆ ಸರಿಯಾಗಿ ಅದರ ಸಂಸಾರದ ಹಂಚಿಕೆ. ಮೊಟ್ಟೆ ತನ್ನದು, ಬಾಣಂತನ ಕಾಗೆಯದು.

ಎರಡು ರಾಜ್ಯ, ಒಂದೇ ಹಕ್ಕಿ
ತೆಲಂಗಾಣದ ರಾಜ್ಯಪಕ್ಷಿ ಪಾಲಪಿಟ್ಟ. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ. ಎರಡೂ ಒಂದೇ ಹಕ್ಕಿ. ಬೇಸಿಗೆ ಅದರ ಜೋಡಿಯಾಗುವ ಕಾಲ. ಗಂಡು ಆಕಾಶಕ್ಕೇರಿ, ಪಲ್ಟಿ ಹೊಡೆಯುತ್ತ ನೀಲಿ ರೆಕ್ಕೆ ಬಿಚ್ಚಿ ಇಳಿಯುವುದನ್ನು ಊರ ಹೊರಗಿನ ಬಯಲಿನಲ್ಲಿ ಈಗ ನೋಡಬಹುದು. ತೆಲಂಗಾಣದ ರಾಜ್ಯವೃಕ್ಷ ಜಮ್ಮಿ, ಅಂದರೆ ನಮ್ಮ ಬನ್ನಿ. ರಾಜ್ಯಪುಷ್ಪ ತಂಗೇಡು, ಅಂದರೆ ನಮ್ಮ ತಂಗಡಿ.

ಸರೋಜಿನಿಯ ಗುಲ್‌ಮೊಹರ್

ಈ ನಗರದ ಬೇಸಿಗೆಯ ಹೂಗಳಿಗೆ ಇಂಗ್ಲಿಷ್ ಕಾವ್ಯದಲ್ಲಿ ಜಾಗ ಕೊಟ್ಟವರು ಇಲ್ಲೇ ಹುಟ್ಟಿದ ಸರೋಜಿನಿ ನಾಯ್ಡು. ನಾಂಪಲ್ಲಿ ಸ್ಟೇಷನ್ ರಸ್ತೆಯಲ್ಲಿರುವ ಅವರ ಮನೆ ‘ಗೋಲ್ಡನ್ ಥ್ರೆಶೋಲ್ಡ್’ ಸುಲ್ತಾನ್ ಬಜಾರಿನಿಂದ ದೂರವೇನಿಲ್ಲ. ಈಗ ಅದು ಹೈದರಾಬಾದ್ ವಿಶ್ವವಿದ್ಯಾಲಯದ ಸುಪರ್ದಿಯಲ್ಲಿದೆ.

ಹದಿಹರೆಯದ ಸರೋಜಿನಿ ಇಂಗ್ಲೆಂಡಿನಲ್ಲಿದ್ದಾಗ ಬರೆದ ಪದ್ಯಗಳಲ್ಲಿ ಆ ದೇಶದ ಹಕ್ಕಿ, ಆ ದೇಶದ ಹೊಲ ತುಂಬಿದ್ದವಂತೆ. ವಿಮರ್ಶಕ ಎಡ್ಮಂಡ್ ಗಾಸ್ ಅವನ್ನೆಲ್ಲ ಬಿಟ್ಟು ನಿನ್ನ ನಾಡಿನ ಮರ, ಹೂ, ಜನರನ್ನು ಬರೆ ಎಂದು ಬುದ್ಧಿ ಹೇಳಿದರು. 1912ರಲ್ಲಿ ಬಂದ ‘ದಿ ಬರ್ಡ್ ಆಫ್ ಟೈಮ್’ ಸಂಕಲನದ ಮುನ್ನುಡಿಯಲ್ಲಿ ಗಾಸ್ ಅವರೇ ಇದನ್ನು ದಾಖಲಿಸಿದ್ದಾರೆ. ಅದೇ ಸಂಕಲನದಲ್ಲಿ ಹೈದರಾಬಾದಿನ ಬಜಾರುಗಳ ಮೇಲಿನ ಹೆಸರಾಂತ ಪದ್ಯವೂ ಇದೆ. ಗುಲ್‌ಮೊಹರ್, ಕಕ್ಕೆ, ಸಂಪಿಗೆ, ನಸ್ಟರ್ಶಿಯಂ ಹೂಗಳ ಮೇಲಿನ ಪದ್ಯಗಳೂ ಇವೆ.

ಇಲ್ಲೊಂದು ತಮಾಷೆಯಿದೆ. ಕಕ್ಕೆ ನಮ್ಮದೇ. ಗುಲ್‌ಮೊಹರ್‌ನ ತವರು ಮಡಗಾಸ್ಕರ್. ನಸ್ಟರ್ಶಿಯಂ ದಕ್ಷಿಣ ಅಮೆರಿಕದ್ದು. ಸ್ವದೇಶಿ ಹೂವಿಗಾಗಿ ಹಂಬಲಿಸಿದ ಗಾಸ್‌ಗೆ ಸರೋಜಿನಿ ಕೊಟ್ಟ ಬುಟ್ಟಿಯಲ್ಲಿ ಹೊರಗಿನ ಸರಕೂ ಬೆರೆತಿತ್ತು. ತಪ್ಪೇನಿಲ್ಲ. ನಗರದ ಬೇಸಿಗೆ ಇಂಥ ಬೆರಕೆಯಿಂದಲೇ ರಂಗೇರುತ್ತದೆ. ಬೆಂಗಳೂರಿಗರು ಮೊಬೈಲ್ ಹಿಡಿದು ಹಿಂಬಾಲಿಸುವ ಟಬೆಬುಯಾ, ಜಕರಂದ ಅಮೆರಿಕ ಖಂಡಗಳಿಂದ ಬಂದವು. ರಸ್ತೆಗೆ ಹಳದಿ ಹಾಸುವ ಪೆಲ್ಟೋಫೋರಮ್ ಆಗ್ನೇಯ ಏಷ್ಯಾದ್ದು.

ಆದರೆ ಕಣ್ಣು ಮುಚ್ಚಿ ನಿಂತರೆ ಲೆಕ್ಕ ತಿರುವುಮುರುವಾಗುತ್ತದೆ. ಗುಲ್‌ಮೊಹರ್ ಎಷ್ಟೇ ಕೆಂಪಾದರೂ ಮೂಗಿಗೆ ಏನೂ ಹೇಳದು. ಬೇಸಿಗೆಯ ಗಾಳಿಗೆ ಪರಿಮಳ ಕೊಡುವ ಬೇವು, ಹೊಂಗೆ, ಬಾಗೆ, ಬಕುಳ ಈ ನೆಲದಲ್ಲೇ ಹುಟ್ಟಿಬೆಳೆದವು. ಹೊಂಗೆಯ ಕೆಳಗೆ ಒಮ್ಮೆ ನಿಂತು ನೋಡಿ. ಕಾಲಡಿ ಬಿಳಿ-ನೇರಳೆ ಹೂವಿನ ಹಾಸು, ತಲೆಯ ಮೇಲೆ ಜೇನಿನ ಗುಂಯ್ ಸದ್ದು.

150 ಜೀವ ಉಳಿಸಿದ ಮರ

ಬಿಸಿಲು ಇಳಿಮುಖವಾದಾಗ ಅಫ್ಜಲ್‌ಗಂಜ್ ಕಡೆ ನಡೆಯಬಹುದು. ಮೂಸಿಯ ದಂಡೆಯಲ್ಲಿ, ಉಸ್ಮಾನಿಯಾ ಆಸ್ಪತ್ರೆಯ ಆವರಣದ ಉದ್ಯಾನದಲ್ಲಿ ಹಳೆಯದೊಂದು ಹುಣಸೆಮರವಿದೆ. ಚೈತ್ರದಲ್ಲಿ ಅದೂ ಚಿಗುರುತ್ತದೆ. ಆದರೆ ಆ ಚಿಗುರನ್ನು ಪಪ್ಪಿಗೆ ಕೀಳಲು ಯಾರಿಗೂ ಕೈ ಬರಲಾರದು.

1908ರ ಸೆಪ್ಟೆಂಬರ್ 28. ಮೂಸಿ ಉಕ್ಕಿ ನಗರವನ್ನು ನುಂಗಿತು. ಸಾವಿರಾರು ಜನ ಸತ್ತರು. ಈ ಹುಣಸೆಯ ಕೊಂಬೆ ಹಿಡಿದು ಕೂತ ಸುಮಾರು 150 ಮಂದಿ ಬದುಕಿದರು. ನಗರದ ಕೆಲವರು ಇಂದಿಗೂ ಆ ದಿನ ಮರದಡಿ ಸೇರಿ ಅದನ್ನು ನೆನೆಯುತ್ತಾರೆ.

ಹುಣಸೆ ಆಫ್ರಿಕಾದಿಂದ ಬಂದದ್ದು. ಬಂದು ಎಷ್ಟೋ ಶತಮಾನಗಳಾದ್ದರಿಂದ ನಮ್ಮ ಸಾರಿಗೂ ಗಾದೆಗೂ ಅದು ಬೇಕೇಬೇಕು. ಅದರ ಕೊಂಬೆ ಸುಲಭಕ್ಕೆ ಮುರಿಯದು, ಬೇರು ಅಲುಗದು. ಆ ದಿನ ಜನರನ್ನು ಉಳಿಸಿದ್ದು ಈ ಗಟ್ಟಿತನವೇ.

ಪ್ರವಾಹದ ಮರುವರ್ಷ ನಿಜಾಮ ಸರಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು. ಮೂಸಿ ಮತ್ತು ಅದರ ಉಪನದಿ ಈಸಿಗೆ ನಗರದ ಮೇಲ್ಭಾಗದಲ್ಲೇ ಕಟ್ಟೆ ಕಟ್ಟಿ ನೆರೆಯನ್ನು ತಡೆಯಬೇಕೆಂಬುದು ಅವರ ಸಲಹೆ. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ನದಿದಂಡೆಯನ್ನು ಗಲೀಜಿಗೆ ಬಿಡದೆ ಉದ್ಯಾನ, ವಿಹಾರದ ಹಾದಿ ಮಾಡಬೇಕೆಂಬ ಮಾತೂ ಅವರ ಯೋಜನೆಯಲ್ಲಿತ್ತು. ಕೆರೆಗಳು ಆದವು. ಮೂಸಿಯ ದಂಡೆಯಲ್ಲಿ ಇವತ್ತು ನಿಂತರೆ ಬೇಸಿಗೆಯ ಯಾವ ಪರಿಮಳವೂ ಮೂಗಿನ ತನಕ ತಲುಪುವುದಿಲ್ಲ.

ಸಂಜೆಯ ಸರಕು

ಆರು ಗಂಟೆಗೆ ಸುಲ್ತಾನ್ ಬಜಾರ್ ಮತ್ತೆ ತುಂಬುತ್ತದೆ. ಬೆಳಿಗ್ಗೆ ಗೋಣಿಚೀಲದಿಂದಿಳಿದ ಮಲ್ಲಿಗೆ ಈಗ ಮಾಲೆಯಾಗಿ ಬುಟ್ಟಿಯಲ್ಲಿ ಸುತ್ತಿಕೊಂಡಿದೆ. ಅಳತೆ ಮೊಳದಲ್ಲಿ, ಹೂವಾಡಗಿತ್ತಿಯ ಮೊಳವೋ ಕೊಳ್ಳುವವಳ ಮೊಳವೋ ಎಂಬ ಜಗಳ ಎಲ್ಲ ಊರಿನಂತೆ ಇಲ್ಲೂ ಇದೆ.

ಮಲ್ಲಿಗೆಯನ್ನು ಮೊಗ್ಗಾಗಿಯೇ ಕೀಳಬೇಕು, ಅದೂ ಬೆಳಗಿನ ಹೊತ್ತು. ಗಿಡದಿಂದ ಬೇರೆಯಾದ ಮೇಲೂ ಅದು ಉಸಿರಾಟ ನಿಲ್ಲಿಸುವುದಿಲ್ಲ. ಸಂಜೆಗೆ ಬಿರಿದು, ಬಿರಿಯುತ್ತ ಹೊಸದಾಗಿ ಪರಿಮಳ ತಯಾರಿಸುತ್ತದೆ. ತೋಟದಲ್ಲಿದ್ದಿದ್ದರೆ ಆ ಪರಿಮಳ ಪತಂಗಗಳ ಪಾಲಾಗುತ್ತಿತ್ತು. ಇಲ್ಲಿ ಅದು ಸಿಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆಲ್ಲ ಹಂಚಿಹೋಗುತ್ತದೆ.

ಕೂಲರ್ ದುರಸ್ತಿಯ ಅಂಗಡಿಗಳ ಮುಂದೆ ಇನ್ನೊಂದು ವಾಸನೆ ಕಾದಿದೆ: ಒದ್ದೆ ಲಾವಂಚ. ಹಿಂದೆ ಶ್ರೀಮಂತರ ಮನೆಯ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಈಗ ಅದೇ ಬೇರು ಕೂಲರಿನ ಪ್ಯಾಡಿನಲ್ಲಿದೆ. ಪಕ್ಕದಲ್ಲಿ ಮಣ್ಣಿನ ಹೊಸ ಮಡಕೆಗಳ ಸಾಲು. ತಂಪಿನ ಸೂತ್ರ ಎರಡಕ್ಕೂ ಒಂದೇ: ನೀರು ಆವಿಯಾಗುತ್ತ ಶಾಖ ಹೀರಿಕೊಳ್ಳುತ್ತದೆ. ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಾರೆ. ಅನುಭವಸ್ಥರು ಮೂಸಿಯೂ ನೋಡುತ್ತಾರೆ.

ದಣಿದವರಿಗೆ ಮೊಜಂಜಾಹಿ ಮಾರ್ಕೆಟ್ ಹತ್ತಿರದಲ್ಲೇ ಇದೆ. ಏಳನೇ ನಿಜಾಮರ ಎರಡನೇ ಮಗ ಮೊಅಜ್ಜಂ ಜಾಹನ ಹೆಸರಿನ ಈ ಕಲ್ಲಿನ ಕಟ್ಟಡ 1935ರದು. ಅದರ ಮಗ್ಗುಲಲ್ಲಿ ಹಣ್ಣಿನ ತಿರುಳು ಹಾಕಿ ಮಾಡುವ ಐಸ್‌ಕ್ರೀಂ ತಿನ್ನಲು ಬೇಸಿಗೆಯ ರಾತ್ರಿ ಜಾತ್ರೆ ಸೇರುತ್ತದೆ. ಮಾವಿನದಕ್ಕೆ ಬಂಗನಪಲ್ಲಿ ಬರುವ ತನಕ ತಾಳ್ಮೆ ಬೇಕು. ಹೈದರಾಬಾದಿಗರು ಅದನ್ನು ಬೇನಿಶಾನ್ ಎನ್ನುತ್ತಾರೆ. 2017ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು.

ಮೊದಲ ಮಳೆಯ ವಾಸನೆ
ಏಪ್ರಿಲ್‌ನ ಒಂದು ಸಂಜೆ ಮಾವಿನ ಮಳೆ ಬಿದ್ದಾಗ ಏಳುವ ಮಣ್ಣಿನ ಗಂಧಕ್ಕೆ ವಿಜ್ಞಾನದಲ್ಲಿ ಪೆಟ್ರಿಕೋರ್ ಎಂಬ ಹೆಸರಿಟ್ಟವರು ಆಸ್ಟ್ರೇಲಿಯಾದ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್, 1964ರಲ್ಲಿ. ಒಣಗಿದ ಮಣ್ಣು, ಕಲ್ಲು ಹೀರಿಟ್ಟುಕೊಂಡ ಎಣ್ಣೆಯಂಶ ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಈ ಗಂಧದ ಮೂಲ. ಉತ್ತರ ಪ್ರದೇಶದ ಕನೌಜಿನ ಅತ್ತರಿನವರು ಅದಕ್ಕೂ ಬಹಳ ಮೊದಲೇ ಸುಟ್ಟ ಮಣ್ಣನ್ನು ಭಟ್ಟಿ ಇಳಿಸಿ, ಗಂಧದೆಣ್ಣೆಯಲ್ಲಿ ಹಿಡಿದು ‘ಮಿಟ್ಟಿ ಅತ್ತರು’ ಎಂದು ಮಾರುತ್ತಿದ್ದರು.

ಬೇವಿನ ರಾತ್ರಿಪಾಳಿ

ಎಂಟರ ನಂತರ ಷಟರ್‌ಗಳು ಇಳಿಯತೊಡಗಿದಾಗ ಬೇವಿನ ಸರದಿ. ಹಗಲಲ್ಲಿ ಗಮನಕ್ಕೇ ಬಾರದ ಮರ ಕತ್ತಲಾದ ಮೇಲೆ ರಸ್ತೆಯ ಅಷ್ಟಗಲಕ್ಕೂ ಜೇನಿನ ಸಿಹಿ ಹರಡುತ್ತದೆ. ಎಲೆಯಿಂದ ಬೀಜದವರೆಗೆ ಕಹಿಯನ್ನೇ ತುಂಬಿಕೊಂಡ ಮರಕ್ಕೆ ಇಂಥ ಸಿಹಿ ಗಂಧ ಎಲ್ಲಿಂದ ಬಂತೋ ಎಂದು ಮೊದಲ ಸಲ ಮೂಸಿದವರು ಬೆರಗಾಗುತ್ತಾರೆ.

ಹೂವನ್ನು ಮೇಲಿನಿಂದ ನೋಡಬೇಕೆ? 2020ರ ಫೆಬ್ರವರಿ 7ರಂದು ತೆರೆದ ಮೆಟ್ರೋದ ಹಸಿರು ಮಾರ್ಗದಲ್ಲಿ ಸುಲ್ತಾನ್ ಬಜಾರ್ ನಿಲ್ದಾಣವಿದೆ. ಕಿರಿದಾದ ಈ ಪೇಟೆಯ ಮೇಲೆ ಹಳಿ ಹಾಯುವುದನ್ನು ವ್ಯಾಪಾರಿಗಳು ವರ್ಷಗಟ್ಟಲೆ ವಿರೋಧಿಸಿದ್ದರು. ಹಳಿ ಬಂತು. ಹಗಲಿನ ರೈಲಿನಲ್ಲಿ ಕೂತರೆ ಕಟ್ಟಡಗಳ ನಡುವೆ ಎಲ್ಲೆಲ್ಲಿ ಹಸಿರು ಉಳಿದಿದೆ, ಎಲ್ಲೆಲ್ಲಿ ಇಲ್ಲ ಎಂಬುದು ನಕ್ಷೆಯಂತೆ ಕಾಣುತ್ತದೆ.

ಈ ಬೇವು ನಮಗೆ ಉಳಿದದ್ದೂ ದೊಡ್ಡದೇ. 2021ರಲ್ಲಿ ತೆಲಂಗಾಣದ ಉದ್ದಗಲಕ್ಕೂ ಬೇವಿನ ಮರಗಳು ತುದಿಯಿಂದ ಕಂದು ತಿರುಗಿ ಒಣಗತೊಡಗಿದವು. ಕಾರಣ ಒಂದು ಶಿಲೀಂಧ್ರ, ಜೊತೆಗೆ ಟೀ ಸೊಳ್ಳೆ ಎಂಬ ರಸ ಹೀರುವ ಕೀಟ. ಈ ಶಿಲೀಂಧ್ರವನ್ನು ಹೊಸ ಪ್ರಭೇದವೆಂದು ಗುರುತಿಸಿ 1997ರಲ್ಲಿ ವಿವರಿಸಿದ್ದು ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು. ಬೇವು ಸತ್ತೇಹೋಯಿತೆಂದು ಜನ ಕೈಚೆಲ್ಲಿದ್ದರು. ಆದರೆ ಮುಂದಿನ ಬೇಸಿಗೆಗೆ ಬಹಳಷ್ಟು ಮರಗಳು ಮತ್ತೆ ಚಿಗುರಿದವು.

ರೋಗದಿಂದ ಚೇತರಿಸಿಕೊಳ್ಳುವ ಮರ ಸಿಮೆಂಟಿನಿಂದ ಚೇತರಿಸಿಕೊಳ್ಳುವುದಿಲ್ಲ. ಹೈದರಾಬಾದಿಗೆ 2021ರಲ್ಲಿ ‘ಜಗತ್ತಿನ ವೃಕ್ಷನಗರ’ ಎಂಬ ಮನ್ನಣೆ ಬಂದಿದೆ. ಮರ ಕಡಿಯಲು ಅನುಮತಿ ಬೇಕೆನ್ನುವ 2002ರ ಕಾನೂನೂ ಇದೆ. ಕಡಿಯುವುದಕ್ಕೆ ಅನುಮತಿ ಬೇಕು, ಉಸಿರುಗಟ್ಟಿಸುವುದಕ್ಕೆ ಬೇಡ. ಫುಟ್‌ಪಾತಿನ ಟೈಲ್ಸು ಕಾಂಡಕ್ಕೇ ಬಂದು ಮುಟ್ಟುತ್ತದೆ. ಬಿದ್ದ ಮಳೆ ಬೇರಿಗಿಳಿಯದೆ ಚರಂಡಿಗೆ ಹೋಗುತ್ತದೆ. ಮಾರ್ಚಿನ ಚಿಗುರಿಗೆ ಬೇಕಾದ ನೀರು ಹಿಂದಿನ ಜುಲೈಯಲ್ಲೇ ನೆಲಕ್ಕಿಳಿದಿರಬೇಕು ಎಂಬುದನ್ನು ಗುತ್ತಿಗೆದಾರನಿಗೆ ಯಾರೂ ಹೇಳಿಲ್ಲ.

ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಗೆ ಕೊಟ್ಟ ಆದೇಶ ಸರಳವಾಗಿತ್ತು: ಪ್ರತಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ. ಬೆಂಗಳೂರು, ಕಲಬುರಗಿ, ಹೈದರಾಬಾದ್ ಯಾವ ಊರಿಗಾದರೂ ಇದು ಹೊಂದುವ ಅಳತೆ. ಬೇವು, ಹೊಂಗೆಗಳು ಹೂಬಿಡುವುದು ಜೇನಿಗಾಗಿ, ಪತಂಗಕ್ಕಾಗಿ. ನಮ್ಮ ಮೂಗಿಗೆ ಸಿಗುವುದು ಆ ವ್ಯಾಪಾರದಲ್ಲಿ ಚೆಲ್ಲಿದ ಪಾಲು, ಅದೂ ಪುಕ್ಕಟೆ. ಮುಂದಿನ ಚೈತ್ರಕ್ಕೂ ಅದು ಬೇಕಿದ್ದರೆ ನಿಮ್ಮ ಮನೆ ಮುಂದಿನ ಮರದ ಬುಡ ನೋಡಿ. ಒಂದು ಮೀಟರ್ ಮಣ್ಣು ಇಲ್ಲದಿದ್ದರೆ, ಮುಂಗಾರಿಗೆ ಮುಂಚೆ ಹಾರೆ ಹಿಡಿಯಿರಿ.